ಎಳೀತಾ ಎಳೀತಾ ದಮ್ ಬಿಡುವ ಟರ್ಬೊ: ಮಾಡಿಫೈ ಮಾಡಿದ ಹಾಟ್ ಹ್ಯಾಚ್‌ನಲ್ಲಿ ದೋಷ ಹುಡುಕುವ ಬಗೆ

ದಿನಾ ಓಡಿಸುವ ಗಾಡಿಯನ್ನು ಮಾಡಿಫೈ ಮಾಡಿದವರಿಗೆ ಈ ಗಳಿಗೆ ಗೊತ್ತಿರುತ್ತದೆ. ಮೂರನೇ ಗೇರ್, ರಸ್ತೆ ಖಾಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೀರಿ. 2500 ಆರ್‌ಪಿಎಂ ದಾಟಿದ್ದೇ ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಪಂಪ್) ಎಳೆಯಲು ಶುರು ಮಾಡುತ್ತದೆ, ಬೆನ್ನು ಸೀಟಿಗೆ ಅಂಟುತ್ತದೆ. 4000ದ ಹತ್ತಿರ ಯಾರೋ ಹಿಂದಿನಿಂದ ಹಗ್ಗ ಹಿಡಿದ ಹಾಗೆ ಗಾಡಿ ಮೆತ್ತಗಾಗಿಬಿಡುತ್ತದೆ. ಮೀಟರಿನಲ್ಲಿ ಹಳದಿ ಎಂಜಿನ್ ಲೈಟ್. ಪಕ್ಕಕ್ಕೆ ಹಾಕಿ, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲದ ಹಾಗೆ ಓಡುತ್ತದೆ. ಜೋರಾಗಿ ತುಳಿದರೆ ಮತ್ತೆ ಅದೇ ಕಥೆ.

ನನ್ನದು ಹಾಟ್ ಹ್ಯಾಚ್, ಅಂದರೆ ಜೋರು ಎಂಜಿನ್ ಇರುವ ಹ್ಯಾಚ್‌ಬ್ಯಾಕ್: 2 ಲೀಟರ್ ಟರ್ಬೊ ಪೆಟ್ರೋಲ್, ಡೈರೆಕ್ಟ್ ಇಂಜೆಕ್ಷನ್, 6 ಗೇರ್ ಮ್ಯಾನುವಲ್. ವಯಸ್ಸು 11 ವರ್ಷ, ಓಡಿದ್ದು 1,40,000 ಕಿ.ಮೀ. ಮೊದಲು ಹಳೆಯದೆಲ್ಲ ಹೊಸದು ಮಾಡಿದೆ: ಎಂಜಿನ್ ಮೌಂಟ್, ಶಾಕ್ ಅಬ್ಸಾರ್ಬರ್, ಬುಷ್, ಪ್ಲಗ್. ಆಮೇಲೆ ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ದೊಡ್ಡ ಇಂಟರ್‌ಕೂಲರ್, ಸಿಲಿಕೋನ್ ಪೈಪ್, ಎಣ್ಣೆ ಹಚ್ಚುವ ಕಾಟನ್ ಏರ್ ಫಿಲ್ಟರ್, ಕೊನೆಗೆ ರೀಮ್ಯಾಪ್, ಅಂದರೆ ಬಲ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು. ಮೂರು ವಾರ ಗಾಡಿ ಅದ್ಭುತವಾಗಿ ಓಡಿತು. ನಾಲ್ಕನೇ ವಾರ ಮೇಲೆ ಹೇಳಿದ್ದು ಶುರುವಾಯಿತು.

ನಾನು ಊಹೆಯ ಮೇಲೆ ಮೊದಲು ನಾಲ್ಕೂ ಇಗ್ನಿಷನ್ ಕಾಯಿಲ್ ಬದಲಿಸಿದೆ. ಹಳೇ ಕಾಯಿಲ್‌ಗಳು ಚೆನ್ನಾಗೇ ಇದ್ದವು. ಆಮೇಲೆ ಬೂಸ್ಟ್ (ಟರ್ಬೊ ಒತ್ತುವ ಗಾಳಿಯ ಒತ್ತಡ) ಹಿಡಿತದಲ್ಲಿಡುವ ಕಂಟ್ರೋಲ್ ವಾಲ್ವ್ ಬದಲಿಸಿದೆ. ಅದೂ ಚೆನ್ನಾಗೇ ಇತ್ತು. ಎರಡು ವಾರಾಂತ್ಯ ಹೋಯಿತು. ಮೂರನೇ ವಾರಾಂತ್ಯ ಅಳೆದು ನೋಡಲು ಕೂತೆ, ಒಂದೇ ಮಧ್ಯಾಹ್ನದಲ್ಲಿ ದೋಷ ಕೈಗೆ ಸಿಕ್ಕಿತು. ಆ ಮಧ್ಯಾಹ್ನದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಜೊತೆಗೆ, ನನ್ನ ಗಾಡಿಯಲ್ಲಿ ಇರದಿದ್ದರೂ ಇದೇ ಲಕ್ಷಣ ತೋರಿಸುವ ಬೇರೆ ದೋಷಗಳನ್ನೂ ಸೇರಿಸಿದ್ದೇನೆ.

ಮೊದಲು ಲಕ್ಷಣಕ್ಕೆ ಸರಿಯಾದ ಹೆಸರಿಡಿ

"ಪಿಕಪ್ ಇಲ್ಲ" ಅಂದರೆ ಸಾಲದು. ಮೂರು ಬೇರೆ ಬೇರೆ ತೊಂದರೆಗಳಿಗೆ ನಾವು ಇದೊಂದೇ ಮಾತು ಬಳಸುತ್ತೇವೆ.

ಒಂದು, ಮಿಸ್ಸಿಂಗ್. ಗಾಡಿ ಗಡಗಡ ನಡುಗುತ್ತದೆ, ಸೈಲೆನ್ಸರಿನಿಂದ ಪಟ್ ಪಟ್ ಸದ್ದು ಬರುತ್ತದೆ, ಎಂಜಿನ್ ಲೈಟ್ ಮಿಣುಕಬಹುದು. ಲೈಟ್ ಮಿಣುಕುತ್ತಿದ್ದರೆ ಕಾಲು ತೆಗೆಯಿರಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು, ಅದನ್ನೇ ಸುಡುತ್ತದೆ.

ಎರಡು, ನಡುಕ ಏನೂ ಇಲ್ಲ, ಸುಮ್ನೆ ಬಲ ಕಡಿಮೆ. ಇದು ಬೂಸ್ಟ್ ಕೊರತೆ, ಅಥವಾ ಕಂಪ್ಯೂಟರ್ ತಾನೇ ಬಲ ತಗ್ಗಿಸಿರುವುದು.

ಮೂರು, ಆರ್‌ಪಿಎಂ ಸರ್ರನೆ ಏರುತ್ತದೆ, ಸ್ಪೀಡ್ ಏರುವುದಿಲ್ಲ. ಇದು ಎಂಜಿನ್ ದೋಷವೇ ಅಲ್ಲ, ಕ್ಲಚ್ ಜಾರುತ್ತಿದೆ. ರೀಮ್ಯಾಪ್ ಆದ ಮೇಲೆ ಟಾರ್ಕ್ ಜಾಸ್ತಿಯಾಗುತ್ತದೆ, ಹಳೇ ಕ್ಲಚ್ ತಡೆಯುವುದಿಲ್ಲ. ಪರೀಕ್ಷೆ ಸುಲಭ: ಐದು ಅಥವಾ ಆರನೇ ಗೇರಿನಲ್ಲಿ 2000 ಆರ್‌ಪಿಎಂನಿಂದ ಪೂರ್ತಿ ತುಳಿಯಿರಿ. ಟಾರ್ಕ್ ಏರುವ ಹೊತ್ತಿಗೆ ಮುಳ್ಳು ಮಾತ್ರ ಜಿಗಿದರೆ ಬಾನೆಟ್ ಎತ್ತುವ ಕೆಲಸವೇ ಇಲ್ಲ.

ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಯಾವ ಗೇರ್, ಎಷ್ಟು ಆರ್‌ಪಿಎಂ, ಎಂಜಿನ್ ಬಿಸಿಯೋ ತಣ್ಣಗೋ, ಅರ್ಧ ತುಳಿದಾಗಲೂ ಬರುತ್ತದಾ? ಅದೇ ಕಾಗದದ ಹಿಂದೆ, ನೀವು ಗಾಡಿಗೆ ಏನೇನು ಮಾಡಿಸಿದಿರಿ ಅನ್ನುವುದನ್ನು ತಾರೀಕಿನ ಸಮೇತ ಬರೆಯಿರಿ. ಮಾಡಿಫೈ ಆದ ಗಾಡಿಯಲ್ಲಿ ಕೊನೆಗೆ ಕೈ ಹಾಕಿದ ಜಾಗವೇ ಮೊದಲ ಅನುಮಾನ. ಹಾಗಂತ ಅದೇ ಅಪರಾಧಿ ಅಂತ ತೀರ್ಮಾನಿಸಬೇಡಿ. ಜಾಸ್ತಿ ಬೂಸ್ಟ್ ಬಂದಾಗ ಹತ್ತು ವರ್ಷ ಸುಮ್ಮನಿದ್ದ ಹಳೇ ರಬ್ಬರ್ ಕೂಡ ಬಾಯಿ ಬಿಡುತ್ತದೆ.

ಕೋಡ್ ಓದುವುದು

ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಓಬಿಡಿ2 ಸ್ಕ್ಯಾನರ್ ಹಾಕಿ. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ಬರೆದಿಟ್ಟುಕೊಳ್ಳಿ. ದೋಷ ದಾಖಲಾದ ಕ್ಷಣದಲ್ಲಿ ಆರ್‌ಪಿಎಂ, ಸ್ಪೀಡ್, ಎಂಜಿನ್ ಲೋಡ್, ಕೂಲೆಂಟ್ ಬಿಸಿ ಎಷ್ಟಿತ್ತು ಅನ್ನುವುದು ಅಲ್ಲಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ.

ಪಿ0299 ಅಂದರೆ ಕಂಪ್ಯೂಟರ್ ಕೇಳಿದಷ್ಟು ಬೂಸ್ಟ್ ಬರಲಿಲ್ಲ. ಪಿ0234 ಅಂದರೆ ಕೇಳಿದ್ದಕ್ಕಿಂತ ಜಾಸ್ತಿ ಬಂತು. ಪಿ0171 ಅಂದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪಿ0300 ಯಾವುದೋ ಒಂದಲ್ಲ, ಹಲವು ಸಿಲಿಂಡರ್‌ಗಳ ಮಿಸ್ಸಿಂಗ್. ಪಿ0301, 0302, 0303, 0304 ಆಯಾ ನಂಬರಿನ ಸಿಲಿಂಡರ್.

ನನಗೆ ಸಿಕ್ಕಿದ್ದು ಪಿ0299 ಒಂದೇ. ಕೋಡ್ ಅನ್ನುವುದು ಲಕ್ಷಣದ ಹೆಸರು, ಕೆಟ್ಟ ಪಾರ್ಟಿನ ಹೆಸರಲ್ಲ. ಪಿ0299 ನೋಡಿದ ತಕ್ಷಣ "ಟರ್ಬೊ ಹೋಯ್ತು" ಅಂತ ಹೇಳುವವರು ಬಹಳ ಜನ. ದಯವಿಟ್ಟು ಆ ಮಾತಿಗೆ ಟರ್ಬೊ ಬಿಚ್ಚಬೇಡಿ. ಟರ್ಬೊ ಚೆನ್ನಾಗಿದ್ದು, ಅದು ಒತ್ತಿದ ಗಾಳಿ ದಾರಿಯಲ್ಲಿ ಸೋರಿ ಹೋದರೂ ಇದೇ ಕೋಡ್ ಬರುತ್ತದೆ.

ಲಾಗ್: ಕೇಳಿದ್ದೆಷ್ಟು, ಬಂದದ್ದೆಷ್ಟು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಅರ್ಧ ಉತ್ತರ ಇಲ್ಲೇ ಇದೆ.

ಲಾಗ್ ಮಾಡಬಲ್ಲ ಸ್ಕ್ಯಾನರ್ ಬೇಕು. ಪಕ್ಕದಲ್ಲಿ ಇನ್ನೊಬ್ಬರು ಕೂತು ನೋಡಿಕೊಳ್ಳಲಿ, ಓಡಿಸುವವರು ಪರದೆ ನೋಡಬಾರದು. ಸುರಕ್ಷಿತವಾದ ಖಾಲಿ ಜಾಗದಲ್ಲಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಮೂರನೇ ಗೇರಿನಲ್ಲಿ 2000ದಿಂದ ಪೂರ್ತಿ ತುಳಿದು ದೋಷ ಬರುವವರೆಗೆ ಎಳೆಯಿರಿ. ಆರ್‌ಪಿಎಂ, ಕೇಳಿದ ಬೂಸ್ಟ್, ನಿಜವಾದ ಬೂಸ್ಟ್, ವೇಸ್ಟ್‌ಗೇಟ್ ಡ್ಯೂಟಿ (ವೇಸ್ಟ್‌ಗೇಟ್ ಅಂದರೆ ಟರ್ಬೊ ಮಿತಿ ಮೀರದ ಹಾಗೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು, ಡ್ಯೂಟಿ ಅಂದರೆ ಅದರ ಕಂಟ್ರೋಲ್ ವಾಲ್ವ್‌ಗೆ ಕಂಪ್ಯೂಟರ್ ಶೇಕಡದಲ್ಲಿ ಕೊಡುವ ಆಜ್ಞೆ), ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಎಷ್ಟು ತೆರೆದಿದೆ, ಇಗ್ನಿಷನ್ ಟೈಮಿಂಗ್, ಒಳಬರುವ ಗಾಳಿಯ ಬಿಸಿ: ಇಷ್ಟು ಸಾಕು. ಜಾಸ್ತಿ ಅಂಕಿ ಆರಿಸಿದರೆ ಲಾಗ್ ನಿಧಾನವಾಗಿ, ನಡುವಿನ ಕ್ಷಣಗಳು ತಪ್ಪಿಹೋಗುತ್ತವೆ.

ಬೂಸ್ಟ್ ಅಂಕಿ ಓದುವಾಗ ಒಂದು ಎಚ್ಚರ. ಕಂಪ್ಯೂಟರ್ ಸಾಮಾನ್ಯವಾಗಿ ವಾತಾವರಣದ ಒತ್ತಡವನ್ನೂ ಸೇರಿಸಿ ಹೇಳುತ್ತದೆ. ಸಮುದ್ರ ಮಟ್ಟದಲ್ಲಿ ಅದು ಸುಮಾರು 1013 ಮಿಲಿಬಾರ್. ಪರದೆಯಲ್ಲಿ 2100 ಕಂಡರೆ ನಿಜವಾದ ಬೂಸ್ಟ್ 1.1 ಬಾರ್ ಹತ್ತಿರ, 2.1 ಅಲ್ಲ.

ನನ್ನ ಲಾಗಿನಲ್ಲಿ 4000 ಆರ್‌ಪಿಎಂ ಹೊತ್ತಿಗೆ ಕೇಳಿದ್ದು 2100, ಬಂದದ್ದು 1720. ವೇಸ್ಟ್‌ಗೇಟ್ ಡ್ಯೂಟಿ 95 ಶೇಕಡ. ಈ ಮೂರನೇ ಅಂಕಿಯೇ ಕೀಲಿಕೈ. ನನ್ನಂಥ, ಕಂಟ್ರೋಲ್ ವಾಲ್ವ್ ಇರುವ ಹೆಚ್ಚಿನ ಗಾಡಿಗಳಲ್ಲಿ ಡ್ಯೂಟಿ ಜಾಸ್ತಿಯಾದಷ್ಟೂ ವೇಸ್ಟ್‌ಗೇಟ್ ಮುಚ್ಚಿರುತ್ತದೆ, ಟರ್ಬೊ ಜೋರಾಗಿ ತಿರುಗುತ್ತದೆ. ಅಂದರೆ ಕಂಪ್ಯೂಟರ್ ತನ್ನಿಂದ ಆದಷ್ಟೂ ಬೂಸ್ಟ್ ಕೇಳುತ್ತಿದೆ, ಆದರೂ ಬರುತ್ತಿಲ್ಲ. ಹೀಗಿದ್ದರೆ ಗಾಳಿ ಸೋರುತ್ತಿದೆ, ಅಥವಾ ವೇಸ್ಟ್‌ಗೇಟ್ ಪೂರ್ತಿ ಮುಚ್ಚುತ್ತಿಲ್ಲ.

ಇದಕ್ಕೆ ತಿರುಗಾಮುರುಗಾ ಕಂಡರೆ ಕಥೆಯೇ ಬೇರೆ. ಕೇಳಿದ ಬೂಸ್ಟೇ ಕಡಿಮೆಯಾಗಿದ್ದರೆ, ಡ್ಯೂಟಿಯೂ ಕೆಳಗಿದ್ದರೆ, ಥ್ರಾಟಲ್ ಅರ್ಧ ಮುಚ್ಚಿದ್ದರೆ, ಕಂಪ್ಯೂಟರ್ ಬೇಕಂತಲೇ ತಡೆಯುತ್ತಿದೆ. ಯಾಕೆ ಅಂತ ಟೈಮಿಂಗ್ ನೋಡಿ. ಎಂಜಿನ್ ನಾಕಿಂಗ್ (ಸಿಲಿಂಡರಿನಲ್ಲಿ ಮಿಶ್ರಣ ತಾನಾಗಿಯೇ ಸಿಡಿಯುವುದು) ಆಗುತ್ತಿದ್ದರೆ ಟೈಮಿಂಗ್ ಹಿಂದಕ್ಕೆ ಎಳೆದಿರುತ್ತದೆ. ರೀಮ್ಯಾಪ್ ಯಾವ ಆಕ್ಟೇನ್ ಪೆಟ್ರೋಲ್‌ಗೆ ಬರೆದದ್ದು ಅಂತ ಬರೆದವರನ್ನು ಕೇಳಿ. 98ಕ್ಕೆ ಬರೆದ ಮ್ಯಾಪಿನಲ್ಲಿ 91 ಹಾಕಿ ಓಡಿಸಿದರೆ ಗಾಡಿಯಲ್ಲಿ ಯಾವ ಪಾರ್ಟೂ ಕೆಟ್ಟಿರುವುದಿಲ್ಲ, ಬಲವೂ ಇರುವುದಿಲ್ಲ.

ಫ್ಯೂಯಲ್ ಟ್ರಿಮ್, ಅಂದರೆ ಮಿಶ್ರಣ ಸರಿಯಿಡಲು ಕಂಪ್ಯೂಟರ್ ಪೆಟ್ರೋಲನ್ನು ಶೇಕಡ ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಅನ್ನುವುದನ್ನೂ ಒಮ್ಮೆ ನೋಡಿ. ಐಡ್ಲಿಂಗಿನಲ್ಲಿ ಲಾಂಗ್ ಟರ್ಮ್ ಟ್ರಿಮ್ +10ಕ್ಕಿಂತ ಮೇಲಿದ್ದು, 2500ಕ್ಕೆ ಏರಿಸಿದಾಗ ಸೊನ್ನೆಯ ಕಡೆ ಇಳಿದರೆ, ಥ್ರಾಟಲಿನ ಆಚೆ ಎಲ್ಲೋ ಹೊರಗಿನ ಗಾಳಿ ಒಳಗೆ ನುಗ್ಗುತ್ತಿದೆ. ಎಂಜಿನ್ ಹೊಟ್ಟೆಯ ಆವಿಯನ್ನು ಗಾಳಿಯ ದಾರಿಗೆ ವಾಪಸ್ ಕಳಿಸುವ ಪಿಸಿವಿ ವಾಲ್ವ್ ಒಳಗಿನ ರಬ್ಬರ್ ಹರಿದಾಗ ಸಾಮಾನ್ಯವಾಗಿ ಹೀಗಾಗುತ್ತದೆ. ಆಗ ಐಡ್ಲಿಂಗಿನಲ್ಲಿ ಆಯಿಲ್ ಕ್ಯಾಪ್ ಎತ್ತಲು ಹೋದರೆ ಒಳಗಿನಿಂದ ಗಟ್ಟಿಯಾಗಿ ಹಿಡಿದು ಎಳೆಯುತ್ತದೆ, ಕೆಲವು ಗಾಡಿಗಳಲ್ಲಿ ಸಿಳ್ಳೆ ಸದ್ದೂ ಬರುತ್ತದೆ.

ಟರ್ಬೊ ಆಚೆಗಿನ ಸೋರಿಕೆ ಇದರ ಉಲ್ಟಾ. ಮ್ಯಾಫ್ ಸೆನ್ಸರ್ ಇರುವ ಗಾಡಿಯಲ್ಲಿ ಗಾಳಿಯನ್ನು ಮೊದಲೇ ಅಳೆದು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಅಳೆದ ಗಾಳಿ ಆಮೇಲೆ ಹೊರಗೆ ಹೋದರೆ ಪೆಟ್ರೋಲ್ ಜಾಸ್ತಿಯಾಗಿ, ಸೈಲೆನ್ಸರಿನ ಬಾಯಿ ಕಪ್ಪಾಗುತ್ತದೆ. ನನ್ನ ಗಾಡಿಯ ಬಾಯಿ ಮಸಿ ಹಿಡಿದಿದ್ದನ್ನು ನಾನು ಮೊದಲ ವಾರವೇ ನೋಡಿದ್ದೆ. ಅದರ ಅರ್ಥ ಗೊತ್ತಿರಲಿಲ್ಲ.

ಪ್ರೆಷರ್ ಟೆಸ್ಟ್

1976ರ ಮೊದಲ ಗಾಲ್ಫ್ ಜಿಟಿಐನಲ್ಲಿ 1.6 ಲೀಟರ್ ಎಂಜಿನ್ 110 ಕುದುರೆಶಕ್ತಿ ಕೊಡುತ್ತಿತ್ತು, ಟರ್ಬೊ ಇರಲಿಲ್ಲ. ಗಾಳಿ ಫಿಲ್ಟರ್ ದಾಟಿ ನೇರ ಎಂಜಿನ್‌ಗೆ. ಇವತ್ತಿನ ಟರ್ಬೊ ಹ್ಯಾಚಿನಲ್ಲಿ ಅದೇ ಗಾಳಿ ಟರ್ಬೊ, ಒಂದು ಪೈಪ್, ಇಂಟರ್‌ಕೂಲರ್, ಇನ್ನೊಂದು ಪೈಪ್, ಥ್ರಾಟಲ್ ಬಾಡಿ ಅಂತ ಸುತ್ತಿ ಬರುತ್ತದೆ. ಪ್ರತಿ ತಿರುವಿನಲ್ಲೂ ಒಂದು ಜೋಡಣೆ, ಒಂದು ಕ್ಲಾಂಪ್. 57 ಮಿ.ಮೀ. ಪೈಪಿನಲ್ಲಿ 1 ಬಾರ್ ಬೂಸ್ಟ್ ಇದ್ದರೆ, ಆ ಜೋಡಣೆಯನ್ನು ಬಿಚ್ಚಲು ಸುಮಾರು 26 ಕೆ.ಜಿ. ಭಾರ ತಳ್ಳುತ್ತಿದೆ ಅಂತ ಲೆಕ್ಕ. ಐಡ್ಲಿಂಗಿನಲ್ಲಿ ಆ ಭಾರ ಇಲ್ಲ. ಅದಕ್ಕೇ ನಿಂತ ಗಾಡಿಯ ಬಾನೆಟ್ ಎತ್ತಿ, ಪೈಪ್ ಅಲ್ಲಾಡಿಸಿ "ಎಲ್ಲ ಗಟ್ಟಿ ಇದೆ" ಅಂತ ಹೇಳುವುದರಲ್ಲಿ ಅರ್ಥವಿಲ್ಲ. ಒತ್ತಡ ತುಂಬಿಸಿಯೇ ನೋಡಬೇಕು.

ಬೇಕಾದ್ದು ತುಂಬಾ ಕಡಿಮೆ. ಟರ್ಬೊಗೆ ಗಾಳಿ ಹೋಗುವ ಪೈಪಿನ ಬಾಯಿಗೆ ಸರಿಹೋಗುವ ಪಿವಿಸಿ ಮುಚ್ಚಳ ಒಂದು. ಅದಕ್ಕೆ ತೂತು ಕೊರೆದು ಟೈರಿನ ವಾಲ್ವ್ ಕೂರಿಸಿ. ಒತ್ತಡದ ಮೀಟರ್ ಇರುವ ಏರ್ ಕಂಪ್ರೆಸರ್ ಇರಲಿ, ಟೈರಿಗೆ ಗಾಳಿ ಹಾಕುವ ಚಿಕ್ಕದಾದರೂ ನಡೆಯುತ್ತದೆ. ಜೊತೆಗೆ ಸೋಪು ನೀರು ತುಂಬಿದ ಸ್ಪ್ರೇ ಬಾಟಲಿ, ಒಂದು ಟಾರ್ಚ್.

ಎಂಜಿನ್ ತಣ್ಣಗಾಗಿರಬೇಕು, ಆಫ್ ಆಗಿರಬೇಕು. ಮ್ಯಾಫ್ ಸೆನ್ಸರ್ ದಾಟಿದ ಮೇಲಿನ ಪೈಪ್ ಕಳಚಿ, ಮುಚ್ಚಳ ಹಾಕಿ ಕ್ಲಾಂಪ್ ಬಿಗಿ ಮಾಡಿ. ಮುಚ್ಚಳದ ನೇರಕ್ಕೆ ಮುಖ ಇಡಬೇಡಿ. ಆ 26 ಕೆ.ಜಿ. ಭಾರ ಈಗ ಮುಚ್ಚಳವನ್ನೂ ತಳ್ಳುತ್ತದೆ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಪಿಸಿವಿಯಿಂದ ಬರುವ ಪೈಪ್ ಟರ್ಬೊ ಬಾಯಿಗೇ ಬಂದು ಸೇರುತ್ತದೆ. ಅದನ್ನು ಕಳಚಿ ಬಾಯಿ ಮುಚ್ಚದಿದ್ದರೆ ನೀವು ತುಂಬಿಸುವ ಗಾಳಿ ಎಂಜಿನ್ ಹೊಟ್ಟೆಗೆ ಹೋಗಿ ಆಯಿಲ್ ಸೀಲ್‌ಗಳನ್ನು ಹೊರಕ್ಕೆ ತಳ್ಳಬಹುದು. ಸೋರಿಕೆ ಹುಡುಕಲು ಹೋಗಿ ಹೊಸ ಸೋರಿಕೆ ಮಾಡಿಕೊಂಡ ಹಾಗಾಗುತ್ತದೆ.

ಗಾಳಿ ಮೆಲ್ಲಗೆ ಬಿಡಿ. ಮೊದಲು 0.3 ಬಾರ್, ಕಿವಿಗೊಟ್ಟು ಕೇಳಿ. ದೊಡ್ಡ ಸೋರಿಕೆ ಇಲ್ಲೇ ಬುಸ್ ಅನ್ನುತ್ತದೆ. ಆಮೇಲೆ 0.5, ಕೊನೆಗೆ ಗಾಡಿ ನಿಜವಾಗಿ ಓಡುವ ಬೂಸ್ಟಿನವರೆಗೆ ಮಾತ್ರ, ಅದಕ್ಕಿಂತ ಮೇಲೆ ಬೇಡ. ಕೆಲವು ವಾಲ್ವ್‌ಗಳು ತೆರೆದ ಸ್ಥಿತಿಯಲ್ಲೇ ಎಂಜಿನ್ ನಿಂತಿರುವುದರಿಂದ ಸ್ವಲ್ಪ ಗಾಳಿ ಸಿಲಿಂಡರಿಗೆ ಇಳಿಯುತ್ತದೆ. ಸೈಲೆನ್ಸರ್ ಕಡೆಯಿಂದ ಮೆಲ್ಲನೆ ಸುಯ್ ಅನ್ನುವುದು, ಒತ್ತಡ ನಿಧಾನಕ್ಕೆ ಇಳಿಯುವುದು ದೋಷವಲ್ಲ. ಚಿಕ್ಕ ಕಂಪ್ರೆಸರಿನಲ್ಲಿ ಎಷ್ಟು ಹೊತ್ತು ಬಿಟ್ಟರೂ ಮುಳ್ಳು ಏಳಲೇ ಇಲ್ಲವಾದರೆ ದೊಡ್ಡದೇನೋ ತೆರೆದುಕೊಂಡಿದೆ.

ನನ್ನ ಗಾಡಿ 0.5ರವರೆಗೆ ಸದ್ದಿಲ್ಲದೆ ತಡೆಯಿತು. 0.7 ದಾಟಿದಾಗ ಕೆಳಗೆಲ್ಲೋ ಸಣ್ಣಗೆ ಸಿರ್ರ್ ಅಂತ ಶುರುವಾಯಿತು. ಸ್ಟ್ಯಾಂಡ್ ಮೇಲೆ ನಿಂತ ಗಾಡಿಯ ಕೆಳಗೆ ಮಲಗಿ ಸೋಪು ನೀರು ಹೊಡೆದೆ. ಇಂಟರ್‌ಕೂಲರಿನ ಕೆಳಗಿನ ಬಾಯಿಗೆ ಸಿಲಿಕೋನ್ ಪೈಪ್ ಸೇರುವಲ್ಲಿ, ಹಿಂಬದಿಯಲ್ಲಿ, ನೊರೆ ಉಕ್ಕಿ ಉಕ್ಕಿ ಬರುತ್ತಿತ್ತು. ಮುಂದಿನಿಂದ ನೋಡಿದರೆ ಕ್ಲಾಂಪ್ ಅಚ್ಚುಕಟ್ಟಾಗಿ ಕೂತ ಹಾಗೇ ಕಾಣುತ್ತಿತ್ತು. ಬೆರಳು ಹಿಂದೆ ಹಾಕಿ ಸವರಿದಾಗ ಗೊತ್ತಾಯಿತು. ಲೋಹದ ಬಾಯಿಯ ತುದಿಯಲ್ಲಿ ಒಂದು ಉಬ್ಬಿದ ಅಂಚು ಇರುತ್ತದೆ. ಕ್ಲಾಂಪ್ ಆ ಅಂಚನ್ನು ದಾಟಿ ಹಿಂದೆ ಕೂರಬೇಕು. ನನ್ನದು ಅರ್ಧ ಸುತ್ತು ಹಿಂದೆ, ಅರ್ಧ ಸುತ್ತು ಅಂಚಿನ ಮೇಲೇ ಹತ್ತಿ ಕೂತಿತ್ತು. ಅಲ್ಲಿ ಕೈಗೆ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಅಂಟಿ ಕಪ್ಪು ಪಟ್ಟಿ.

ಆ ಜಿಡ್ಡಿನ ಬಗ್ಗೆ ಒಂದು ಮಾತು. ಇಂಟರ್‌ಕೂಲರ್ ಪೈಪಿನ ಒಳಗೆ ತೆಳ್ಳಗೆ ಎಣ್ಣೆ ಇರುವುದು ಮಾಮೂಲು, ಪಿಸಿವಿಯ ಆವಿಯಿಂದ ಬರುತ್ತದೆ. ಹೊರಗೆ ಇದ್ದರೆ ಮಾತ್ರ ಅಲ್ಲಿ ಗಾಳಿ ಹೊರಬರುತ್ತಿದೆ ಅಂತ ಅರ್ಥ. ಸಿಲಿಕೋನ್ ಪೈಪಿಗೆ ಎಣ್ಣೆ ತಾಗಿದರೆ ಜಾರುತ್ತದೆ ಕೂಡ. ಹಾಗಾಗಿ ಪೈಪಿನ ಒಳಗನ್ನೂ ಲೋಹದ ಬಾಯಿಯನ್ನೂ ಬ್ರೇಕ್ ಕ್ಲೀನರಿನಲ್ಲಿ ಒರೆಸಿ, ಒಣಗಿಸಿ, ಟಿ-ಬೋಲ್ಟ್ ಕ್ಲಾಂಪ್ ಹಾಕಿ, ಅಂಚಿನ ಹಿಂದೆ ಕೂತಿದೆಯಾ ಅಂತ ಸುತ್ತಲೂ ಬೆರಳಾಡಿಸಿ ನೋಡಿ ಬಿಗಿ ಮಾಡಿದೆ. ಮತ್ತೆ ಒತ್ತಡ ತುಂಬಿಸಿದೆ. ಸಿರ್ರ್ ಸದ್ದು ನಿಂತಿತು. ಒಂದು ಸೋರಿಕೆ ಸಿಕ್ಕಿತು ಅಂತ ಅಲ್ಲಿಗೇ ಎದ್ದು ಹೋಗಬೇಡಿ, ಉಳಿದ ಜೋಡಣೆಗಳಿಗೂ ಸೋಪು ನೀರು ಹೊಡೆಯಿರಿ. ದೊಡ್ಡ ಸದ್ದು ನಿಂತ ಮೇಲೆ ಚಿಕ್ಕದು ಕೇಳಿಸುತ್ತದೆ.

ಪೈಪೆಲ್ಲ ಗಟ್ಟಿ ಇದ್ದರೆ

ಮುಂದಿನ ಅನುಮಾನ ಡೈವರ್ಟರ್ ವಾಲ್ವ್. ಆಕ್ಸಿಲರೇಟರ್ ಬಿಟ್ಟಾಗ ಪೈಪಿನಲ್ಲಿ ಉಳಿದ ಒತ್ತಡವನ್ನು ಟರ್ಬೊ ಬಾಯಿಗೆ ಹಿಂದಿರುಗಿಸುವುದು ಇದರ ಕೆಲಸ. ಒಳಗೆ ರಬ್ಬರ್ ಪೊರೆ ಇರುವ ಮಾದರಿಯಾದರೆ ಬಿಚ್ಚಿ, ಬೆಳಕಿಗೆ ಹಿಡಿದು, ಪೊರೆಯ ಅಂಚನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ನೋಡಿ. ಮಡಿಕೆಯಲ್ಲಿ ಸೀಳು ಬಂದಿರುತ್ತದೆ, ನೇರ ನೋಡಿದರೆ ಕಾಣುವುದಿಲ್ಲ. ವ್ಯಾಕ್ಯೂಮ್‌ನಿಂದ ನಡೆಯುವ ಮಾದರಿಯಾದರೆ ಬೆರಳಿನಿಂದ ಒಳಗೆ ಒತ್ತಿ, ಸಣ್ಣ ಪೈಪ್ ಸೇರುವ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ, ಒತ್ತಿದ ಬೆರಳು ಬಿಡಿ. ಒತ್ತಿದ ಜಾಗದಲ್ಲೇ ನಿಂತರೆ ಚೆನ್ನಾಗಿದೆ. ತಕ್ಷಣ ಹೊರಗೆ ಬಂದರೆ ಹರಿದಿದೆ.

ಪ್ಸ್ಶ್ ಸದ್ದಿಗಾಗಿ ಗಾಳಿಯನ್ನು ಹೊರಗೇ ಬಿಡುವ ವಾಲ್ವ್ ಹಾಕಿಸಿದ್ದರೆ, ಗೇರ್ ಬದಲಿಸಿದಾಗೆಲ್ಲ ಬರುವ ಜರ್ಕ್‌ಗೆ ಬೇರೆ ಕಾರಣ ಹುಡುಕುವ ಮುನ್ನ ಮೂಲ ವಾಲ್ವ್ ವಾಪಸ್ ಹಾಕಿ ಓಡಿಸಿ. ಮ್ಯಾಫ್ ಇರುವ ಗಾಡಿಯಲ್ಲಿ ಅಳೆದ ಗಾಳಿ ಹೊರಗೆ ಹೋಗಿ ಮಿಶ್ರಣ ಕೆಡುತ್ತದೆ. ದಿನಾ ಓಡಿಸುವ ಗಾಡಿಗೆ ಆ ವಾಲ್ವ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕಾಟನ್ ಫಿಲ್ಟರಿಗೆ ಎಣ್ಣೆ ಜಾಸ್ತಿ ಹಚ್ಚಿದ್ದರೆ ಅದು ಹಾರಿ ಮ್ಯಾಫ್‌ನ ಬಿಸಿ ತಂತಿಗೆ ಅಂಟುತ್ತದೆ, ಅಳತೆ ಕಡಿಮೆ ಬರುತ್ತದೆ. 2 ಲೀಟರ್ ಎಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿದ್ದಾಗ ಸೆಕೆಂಡಿಗೆ ಸುಮಾರು 2ರಿಂದ 4 ಗ್ರಾಂ ಗಾಳಿ ಕಾಣಬೇಕು. ತೊಳೆಯಲು ಮ್ಯಾಫ್ ಕ್ಲೀನರ್ ಮಾತ್ರ ಬಳಸಿ. ಬಟ್ಟೆ, ಬ್ರಷ್ ಮುಟ್ಟಿಸಬೇಡಿ.

ವೇಸ್ಟ್‌ಗೇಟ್ ಕಡ್ಡಿಯನ್ನು ತಣ್ಣಗಿರುವಾಗ ಕೈಯಿಂದ ಅಲ್ಲಾಡಿಸಿ ನೋಡಿ. ಲಟಲಟ ಅಂದರೆ ಸವೆದಿದೆ.

ಮಿಸ್ಸಿಂಗ್ ಆದರೆ ದಾರಿಯೇ ಬೇರೆ

ಸಿಲಿಂಡರಿನಲ್ಲಿ ಒತ್ತಡ ಜಾಸ್ತಿಯಾದಷ್ಟೂ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಅದಕ್ಕೇ ರೀಮ್ಯಾಪ್ ಆದ ಗಾಡಿಗಳಲ್ಲಿ ಪ್ಲಗ್ ಗ್ಯಾಪ್ ಸ್ವಲ್ಪ ಕಡಿಮೆ ಇಡುತ್ತಾರೆ, 0.8 ಮಿ.ಮೀ. ಇದ್ದಲ್ಲಿ 0.7 ಅಥವಾ 0.6. ನಿಮ್ಮ ಮ್ಯಾಪ್ ಬರೆದವರು ಹೇಳಿದ ಅಂಕಿಯೇ ಅಂತಿಮ. ಪ್ಲಗ್ ಹೊಸದು ಅಂತ ಗ್ಯಾಪ್ ನೋಡದೆ ಹಾಕಬೇಡಿ. ಬಿಚ್ಚಿದ ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಮೇಲಿನಿಂದ ಕೆಳಕ್ಕೆ ಪೆನ್ಸಿಲ್ ಗೆರೆಯಂಥ ಕಪ್ಪು ಗೆರೆ ಕಂಡರೆ ಕಿಡಿ ಒಳಗೆ ಹೋಗದೆ ಹೊರಮೈ ಮೇಲೆ ಹರಿದಿದೆ. ಆ ಪ್ಲಗ್ ತೆಗೆಯಿರಿ, ಅದರ ಕಾಯಿಲ್‌ನ ರಬ್ಬರ್ ಬೂಟನ್ನೂ ನೋಡಿ.

ಕಾಯಿಲ್ ಪರೀಕ್ಷೆಗೆ ಹೊಸದು ಬೇಕಿಲ್ಲ. ಪಿ0303 ಬಂದಿದ್ದರೆ ಮೂರನೆಯದನ್ನು ಒಂದಕ್ಕೆ, ಒಂದನೆಯದನ್ನು ಮೂರಕ್ಕೆ ಹಾಕಿ ಓಡಿಸಿ. ಕೋಡ್ ಪಿ0301 ಆದರೆ ಕಾಯಿಲ್ ಕೆಟ್ಟಿದೆ. 0303 ಆಗಿಯೇ ಉಳಿದರೆ ಕಾಯಿಲ್ ಸರಿ ಇದೆ. ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಕಡೆ ಹೋಗಿ. ನಾನು ನಾಲ್ಕು ಕಾಯಿಲ್ ಬದಲಿಸುವ ಮುನ್ನ ಈ ಹತ್ತು ನಿಮಿಷದ ಕೆಲಸ ಮಾಡಬೇಕಿತ್ತು.

ಬೆಳಿಗ್ಗೆ ತಣ್ಣನೆ ಸ್ಟಾರ್ಟಿನಲ್ಲಿ ಮಾತ್ರ ಒಂದು ನಿಮಿಷ ನಡುಗಿ ಆಮೇಲೆ ಸರಿಹೋದರೆ, ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವ್ ಹಿಂದೆ ಕಾರ್ಬನ್ ಕಟ್ಟಿರುವ ಸಾಧ್ಯತೆ ಜಾಸ್ತಿ. ಇವುಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಬೀಳುವುದರಿಂದ ವಾಲ್ವ್ ತೊಳೆಯುವವರು ಯಾರೂ ಇಲ್ಲ. ಮ್ಯಾನಿಫೋಲ್ಡ್ ಬಿಚ್ಚಿ ಆಕ್ರೋಡು ಚಿಪ್ಪಿನ ಪುಡಿ ಹೊಡೆದು ತೆಗೆಯುತ್ತಾರೆ.

ಮೇಲಿನ ಆರ್‌ಪಿಎಂನಲ್ಲಿ ಮಾತ್ರ ತೊಂದರೆ, ಬೂಸ್ಟ್ ಸರಿ ಇದೆ ಅಂದರೆ ಪೆಟ್ರೋಲ್ ರೇಲ್ ಒತ್ತಡ ಲಾಗ್ ಮಾಡಿ. ಕೇಳಿದ್ದಕ್ಕಿಂತ ಕೆಳಗೆ ಜಾರುತ್ತಿದ್ದರೆ ಪಂಪ್ ಕಡೆ ನೋಡಬೇಕು. ಫೋಕ್ಸ್‌ವ್ಯಾಗನ್-ಆಡಿಯ ಇಎ113 ಸಾಲಿನ 2 ಲೀಟರ್ ಟಿಎಫ್‌ಎಸ್‌ಐ ಎಂಜಿನ್‌ಗಳಲ್ಲಿ ಕ್ಯಾಮ್ ಮತ್ತು ಹೈ ಪ್ರೆಷರ್ ಪಂಪ್ ನಡುವೆ ಒಂದು ಚಿಕ್ಕ ಬಟ್ಟಲಿನಂಥ ಫಾಲೋವರ್ ಇರುತ್ತದೆ. ಅದು ಸವೆದು ತೂತಾದರೆ ಪಂಪಿನ ಕಡ್ಡಿ, ಕ್ಯಾಮ್ ಎರಡೂ ಹಾಳು. ರೀಮ್ಯಾಪ್ ಮಾಡಿಸಿದ್ದರೆ ಅದನ್ನು ಆಗಾಗ ಬಿಚ್ಚಿ ನೋಡುವುದು ಅಭ್ಯಾಸವಾಗಲಿ.

ಸರಿಯಾಯ್ತು ಅಂತ ಹೇಗೆ ಗೊತ್ತು

ಕೋಡ್ ಅಳಿಸಿ. ಅದೇ ಜಾಗ, ಅದೇ ಗೇರ್, ಅದೇ 2000ದಿಂದ ಮತ್ತೆ ಲಾಗ್ ಮಾಡಿ. "ಈಗ ಚೆನ್ನಾಗಿ ಎಳೀತಿದೆ ಅಲ್ವಾ" ಅನ್ನುವುದನ್ನು ನಾನು ನಂಬುವುದಿಲ್ಲ, ತಂಪು ಹೊತ್ತಿನಲ್ಲಿ ಎಲ್ಲ ಟರ್ಬೊ ಗಾಡಿಯೂ ಚೆನ್ನಾಗೇ ಎಳೆಯುತ್ತದೆ. ಎರಡು ಲಾಗ್ ಅಕ್ಕಪಕ್ಕ ಇಟ್ಟು ನೋಡಿ.

ನನ್ನ ಎರಡನೇ ಲಾಗಿನಲ್ಲಿ 4000 ಆರ್‌ಪಿಎಂಗೆ ಕೇಳಿದ್ದು 2100, ಬಂದದ್ದು 2080. ಡ್ಯೂಟಿ 95ರಿಂದ 61ಕ್ಕೆ ಇಳಿದಿತ್ತು. ಅಷ್ಟು ದಿನ ಆ ಟರ್ಬೊ ಸೋರುವ ಗಾಳಿಯನ್ನು ತುಂಬಿಕೊಡಲು ಎಷ್ಟು ಒದ್ದಾಡುತ್ತಿತ್ತು ಅಂತ ಆ ಅಂಕಿ ನೋಡಿ ತಿಳಿಯಿತು, ಮನಸ್ಸಿಗೆ ನಿಜಕ್ಕೂ ಕಸಿವಿಸಿಯಾಯಿತು.

ಸಿಲಿಕೋನ್ ಪೈಪ್ ಬಿಸಿಯಾಗಿ ತಣ್ಣಗಾಗಿ ಸ್ವಲ್ಪ ಕೂರುತ್ತದೆ. 500 ಕಿ.ಮೀ. ಓಡಿದ ಮೇಲೆ ಎಲ್ಲ ಕ್ಲಾಂಪಿಗೂ ಮತ್ತೊಮ್ಮೆ ಸ್ಪಾನರ್ ಹಾಕಿದೆ. ಕೆಳಗಿನದು ಕಾಲು ಸುತ್ತು ಬಿಗಿಯಾಯಿತು, ಉಳಿದವು ಅಲ್ಲಾಡಲಿಲ್ಲ. ಆ ಪಿವಿಸಿ ಮುಚ್ಚಳ ಈಗ ಡಿಕ್ಕಿಯಲ್ಲಿ, ಜಾಕ್ ಪಕ್ಕದಲ್ಲೇ ಇದೆ.